ನೆಗ್ಲಿಜೆನ್ಸ್: ಮೊರದಲ್ಲಿ ಉಳಿದ ಕಲ್ಲು

ಇವತ್ತು ಒಂದೇ ಒಂದು ಪದ. ನೆಗ್ಲಿಜೆನ್ಸ್.

ಈ ಪದ ನನಗೆ ಮೊದಲ ಸಲ ಸಿಕ್ಕಿದ್ದು ಬಿ.ಕಾಂ. ಓದುವಾಗ, ಬಿಸಿನೆಸ್ ಲಾ ನೋಟ್ಸ್‌ನಲ್ಲಿ. ಐದು ಮಾರ್ಕ್ಸಿನ ಪ್ರಶ್ನೆ, ಬಾಯಿಪಾಠ ಮಾಡಿ ಬರೆದು ಮರೆತೆ. ಎರಡನೇ ಸಲ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಕಂಪನಿ ಲೆಟರ್‌ಹೆಡ್ ಮೇಲೆ, ನನ್ನ ಹೆಸರಿನ ಜೊತೆ. ಬರೀ ನೆಗ್ಲಿಜೆನ್ಸ್ ಅಲ್ಲ, ‘ಗ್ರಾಸ್ ನೆಗ್ಲಿಜೆನ್ಸ್’. ಕಾಮರ್ಸ್ ಓದಿದವನಿಗೆ ಗ್ರಾಸ್ ಅಂದ್ರೆ ಗ್ರಾಸ್ ಪ್ರಾಫಿಟ್, ಗ್ರಾಸ್ ಸ್ಯಾಲರಿ. ಹಾಗಾದ್ರೆ ಇದರಲ್ಲಿ ಪಿ.ಎಫ್. ಕಟ್ ಆಗಿ ನೆಟ್ ನೆಗ್ಲಿಜೆನ್ಸ್ ಎಷ್ಟು ಕೈಗೆ ಬರುತ್ತೆ ಅಂತ ಫ್ರೆಂಡ್ ಒಬ್ಬ ಕೇಳಿದ್ದ. ಆವತ್ತು ನಗು ಬರಲಿಲ್ಲ. ಆ ಲೆಟರ್ ಯಾಕೆ ಬಂತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಅದಕ್ಕಿಂತ ಮುಂಚೆ ಪದ.

ಲ್ಯಾಟಿನ್‌ನಲ್ಲಿ ‘ಲೆಗೆರೆ’ ಅಂತ ಒಂದು ಕ್ರಿಯಾಪದ. ಅರ್ಥ ಆಯುವುದು, ಹೆಕ್ಕುವುದು, ಒಂದೊಂದಾಗಿ ಎತ್ತಿ ಕೂಡಿಸುವುದು. ಇದನ್ನ ಓದಿದ ತಕ್ಷಣ ನನ್ನ ತಲೆಗೆ ಬಂದಿದ್ದು ನಮ್ಮಜ್ಜಿ ಅಕ್ಕಿ ಆರಿಸ್ತಿದ್ದ ಚಿತ್ರ. ಮಧ್ಯಾಹ್ನ ಊಟ ಆದ ಮೇಲೆ ಮೊರ ಹಿಡಿದು ಹೊಸ್ತಿಲ ಹತ್ರ, ಬೆಳಕು ಬೀಳೋ ಕಡೆ ಕೂರ್ತಿದ್ರು. ಬೆರಳು ಅಕ್ಕಿ ಮೇಲೆ ಓಡಾಡ್ತಿತ್ತು, ಬಾಯಿ ಪಕ್ಕದ ಮನೆಯವರ ಜೊತೆ ಮಾತಾಡ್ತಿತ್ತು, ಆದ್ರೂ ಒಂದು ಕಲ್ಲು ತಪ್ಪಿಸಿಕೊಳ್ತಿರಲಿಲ್ಲ. ಆ ಬೆರಳು ಮಾಡ್ತಿದ್ದ ಕೆಲಸಾನೇ ಲೆಗೆರೆ.

ಅದಕ್ಕೆ ಹಿಂದೆ ‘ನೆಕ್’ ಅಂದ್ರೆ ‘ಇಲ್ಲ’ ಅನ್ನೋ ಚೂರು ಸೇರಿಸಿ. ನೆಗ್ಲೆಗೆರೆ. ಆಯದೆ ಬಿಡು, ಎತ್ತಿಕೊಳ್ಳದೆ ಬಿಡು. ಅದು ಹಳೇ ಫ್ರೆಂಚ್ ದಾರಿಯಾಗಿ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ನಿಮ್ಮ ಕಣ್ಣೆದುರಿಗೇ ಇತ್ತು, ಕೈಗೆ ಸಿಗೋ ಹಾಗೇ ಇತ್ತು, ನೀವು ಎತ್ತಿಕೊಳ್ಳಲಿಲ್ಲ. ಪದದೊಳಗೆ ಇರೋದು ಇಷ್ಟೇ. ಕೆಟ್ಟತನ, ದ್ವೇಷ ಇಲ್ಲವೇ ಇಲ್ಲ.

ಲೆಗೆರೆ ಸಂಸಾರ ದೊಡ್ಡದು. ಎಲೆಕ್ಷನ್, ಸೆಲೆಕ್ಷನ್, ಕಲೆಕ್ಷನ್, ಎಲ್ಲಾ ಅದರ ಮಕ್ಕಳು. ಇಂಟೆಲಿಜೆಂಟ್ ಕೂಡ, ‘ನಡುವೆಯಿಂದ ಆರಿಸಬಲ್ಲವನು’. ಫ್ರೆಂಚರು ಮನೆಯಲ್ಲಿ ತೊಡೋ ಸಡಿಲ ಉಡುಪಿಗೆ ‘ನೆಗ್ಲಿಜೆ’ ಅಂದ್ರು, ಅಂದ್ರೆ ಅಲಂಕಾರದ ಕಡೆ ಗಮನ ಕೊಡದ ಬಟ್ಟೆ. ಈಗ ಅದು ರಾತ್ರಿ ಉಡುಪಿನ ಹೆಸರು. ನಮ್ಮ ನೈಟಿಗೂ ಆ ಹೆಸರು ಸರಿಯಾಗೇ ಹೊಂದುತ್ತಿತ್ತು, ಹಾಲಿನ ಬೂತ್‌ಗೂ ಅದೇ, ತರಕಾರಿ ಗಾಡಿಗೂ ಅದೇ.

ಆದ್ರೆ ಈ ಸಂಸಾರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಡಿಲಿಜೆನ್ಸ್. ಕಾಮರ್ಸ್‌ನವರಿಗೆ ‘ಡ್ಯೂ ಡಿಲಿಜೆನ್ಸ್’ ಅಂದ್ರೆ ಒಂದು ಕಂಪನಿ ಕೊಳ್ಳೋ ಮುಂಚೆ ಅದರ ಲೆಕ್ಕಪತ್ರ ಜಾಲಾಡೋದು. ಒಣ ಕೆಲಸ, ರಾತ್ರಿ ಹನ್ನೊಂದರವರೆಗೆ ಪಿ.ಡಿ.ಎಫ್. ನೋಡೋ ಕೆಲಸ. ಆದ್ರೆ ಮೂಲದಲ್ಲಿ ‘ಡಿಲಿಗೆರೆ’ ಅಂದ್ರೆ ಬೇರೆಯಾಗಿ ಆರಿಸಿ ಇಟ್ಟುಕೋ, ಬೆಲೆ ಕೊಡು, ಪ್ರೀತಿಸು. ಅದೇ ಲೆಗೆರೆ. ಒಂದು ಕಡೆ ಹೋದರೆ ಪ್ರೀತಿ, ಇನ್ನೊಂದು ಕಡೆ ಹೋದರೆ ನೆಗ್ಲಿಜೆನ್ಸ್. ಆಡಿಟ್ ಮಾಡೋರಿಗೆ ಇದನ್ನ ಯಾರೂ ಹೇಳಿಕೊಡಲ್ಲ.

ಇನ್ನೊಂದು ಕಾಮರ್ಸ್ ತಮಾಷೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, 1881. ಅದರ 131ನೇ ಸೆಕ್ಷನ್ ನೆನಪಿದೆಯಾ? ಕ್ರಾಸ್ ಮಾಡಿದ ಚೆಕ್‌ನ ಹಣವನ್ನ ಬ್ಯಾಂಕು ತನ್ನ ಗ್ರಾಹಕನಿಗಾಗಿ ವಸೂಲಿ ಮಾಡುತ್ತೆ. ಆಮೇಲೆ ಆ ಚೆಕ್ ಅವನದಲ್ಲ ಅಂತ ಗೊತ್ತಾಗುತ್ತೆ. ಬ್ಯಾಂಕು ಪ್ರಾಮಾಣಿಕವಾಗಿ, ನೆಗ್ಲಿಜೆನ್ಸ್ ಇಲ್ಲದೆ ನಡ್ಕೊಂಡಿದ್ರೆ ಅದರ ತಲೆ ಮೇಲೆ ಹೊಣೆ ಬರಲ್ಲ. ತಮಾಷೆ ಏನಂದ್ರೆ ಕಾಯ್ದೆಯ ಹೆಸರಲ್ಲಿರೋ ‘ನೆಗ್’ ಮತ್ತು ಈ ಸೆಕ್ಷನ್ ಒಳಗಿರೋ ‘ನೆಗ್’ ಎರಡೂ ಒಂದೇ ‘ಇಲ್ಲ’. ಓಟಿಯಂ ಅಂದ್ರೆ ಬಿಡುವು, ಬಿಡುವಿಲ್ಲದ್ದು ನೆಗೋಟಿಯಂ, ಅಂದ್ರೆ ವ್ಯಾಪಾರ. ಬಿಡುವಿಲ್ಲ ಅನ್ನೋದೂ ಆಯಲಿಲ್ಲ ಅನ್ನೋದೂ ಒಂದೇ ಕಾಯ್ದೆಯಲ್ಲಿ ಅಕ್ಕಪಕ್ಕ. ಆಫೀಸಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ.

ಇಂಗ್ಲಿಷಿನ ಸ್ವಂತ ಪದ ‘ಕೇರ್‌ಲೆಸ್’ ಬೇರೆ ಮನೆತನದ್ದು. ಹಳೇ ಇಂಗ್ಲಿಷಿನಲ್ಲಿ ‘ಕೇರ್’ ಅಂದ್ರೆ ದುಃಖ, ಚಿಂತೆ. ಹಾಗಾಗಿ ಕೇರ್‌ಲೆಸ್ ಅಂದ್ರೆ ಚಿಂತೆ ಇಲ್ಲದ ಪುಣ್ಯವಂತ. ಅದು ಬೈಗುಳ ಆಗಿದ್ದು ಆಮೇಲೆ.

ಕನ್ನಡದಲ್ಲಿ ಏನಂತೀವಿ? ಪೇಪರ್ ಕನ್ನಡದಲ್ಲಿ ನಿರ್ಲಕ್ಷ್ಯ. ಲಕ್ಷ್ಯ ಇಲ್ಲದ್ದು. ಇಲ್ಲಿ ತಪ್ಪು ಕಣ್ಣಿಂದು, ಗಮನದ್ದು. ಉಪೇಕ್ಷೆಯಲ್ಲೂ ಈಕ್ಷಿಸುವುದು ಇದೆ, ಅಂದ್ರೆ ಅಲ್ಲೂ ನೋಟವೇ. ಮನೇಲಿ ಬೈಯುವಾಗ ಬರೋದು ಅಸಡ್ಡೆ. ಅದು ಅಶ್ರದ್ಧೆಯ ತದ್ಭವ, ಸವೆದು ಸವೆದು ಹಾಗಾಗಿದೆ. ಶ್ರದ್ಧೆ ಇಲ್ಲ ಅಂದಾಗ ತಪ್ಪು ಮನಸ್ಸಿಗೆ ಹೋಯ್ತು. ಬೇಜವಾಬ್ದಾರಿ ಅಂದ್ರೆ ಜವಾಬು ಕೊಡದವನು, ಕೇಳಿದ್ರೆ ಉತ್ತರ ಇಲ್ಲ. ನೋಡಿ, ಲ್ಯಾಟಿನ್‌ನವರಿಗೆ ಕೈ ಮೇಲೆ ಅನುಮಾನ, ಸಂಸ್ಕೃತದವರಿಗೆ ಕಣ್ಣು ಮತ್ತು ಮನಸ್ಸಿನ ಮೇಲೆ, ಉರ್ದು ಕಡೆಯಿಂದ ಬಂದ ಪದಕ್ಕೆ ಬಾಯಿ ಮೇಲೆ. ನಾನು ಮಾಡಿದ್ದಕ್ಕೆ ಯಾವುದು ಸರಿ ಅಂತ ಆಮೇಲೆ ನೀವೇ ಹೇಳಿ.

ಈಗ ಒಂದು ಬಸವನಹುಳದ ಕಥೆ. ಲಾ ಓದಿರೋರಿಗೆ ಗೊತ್ತಿರುತ್ತೆ, ಸ್ವಲ್ಪ ತಡ್ಕೊಳ್ಳಿ.

1928ರ ಆಗಸ್ಟ್ 26. ಸ್ಕಾಟ್ಲೆಂಡಿನ ಪೇಸ್ಲಿ ಅನ್ನೋ ಊರು. ಮೇ ಡಾನಹ್ಯೂ ಅನ್ನೋ ಹೆಂಗಸು ಸ್ನೇಹಿತೆಯ ಜೊತೆ ವೆಲ್‌ಮೆಡೋ ಕೆಫೆಗೆ ಹೋಗ್ತಾರೆ. ಸ್ನೇಹಿತೆ ದುಡ್ಡು ಕೊಟ್ಟು ಐಸ್‌ಕ್ರೀಂ, ಜಿಂಜರ್ ಬಿಯರ್ ತರಿಸ್ತಾರೆ. ಬಿಯರ್ ಅಂತ ಗಾಬರಿ ಬೇಡ, ಶುಂಠಿ ಸೋಡಾ ಅಂದ್ಕೊಳ್ಳಿ. ಬಾಟ್ಲಿ ಕಪ್ಪು ಗಾಜಿನದು, ಒಳಗೇನಿದೆ ಅಂತ ಕಾಣಲ್ಲ. ಅರ್ಧ ಕುಡಿದ ಮೇಲೆ ಉಳಿದದ್ದನ್ನ ಬಗ್ಗಿಸಿದಾಗ ಕೊಳೆತ ಬಸವನಹುಳ ತೇಲಿ ಬಂತು ಅನ್ನೋದು ಆಕೆಯ ದೂರು. ಹೊಟ್ಟೆ ಕೆಟ್ಟಿತು, ಆಘಾತ ಆಯ್ತು.

ಕೇಸ್ ಹಾಕೋದು ಯಾರ ಮೇಲೆ? ಕೆಫೆ ಮೇಲೆ ಆಗಲ್ಲ, ಕೊಂಡವಳು ಈಕೆ ಅಲ್ಲ, ಸ್ನೇಹಿತೆ. ಬಿಸಿನೆಸ್ ಲಾದಲ್ಲಿ ಓದಿದ್ವಲ್ಲ, ಕಾಂಟ್ರಾಕ್ಟ್ ಇರೋದು ಕೊಟ್ಟವರಿಗೂ ಕೊಂಡವರಿಗೂ ಮಧ್ಯೆ ಮಾತ್ರ. ತಯಾರಿಸಿದ ಡೇವಿಡ್ ಸ್ಟೀವನ್‌ಸನ್ ಜೊತೆಗಂತೂ ಆಕೆಗೆ ಯಾವ ಸಂಬಂಧವೂ ಇಲ್ಲ. ಕೆಲವೇ ವಾರ ಮುಂಚೆ ಸ್ಕಾಟ್ಲೆಂಡಿನಲ್ಲೇ ಇಂಥದ್ದೇ ಕೇಸು, ಜಿಂಜರ್ ಬಿಯರ್ ಬಾಟ್ಲಿಯಲ್ಲಿ ಸತ್ತ ಇಲಿ ಸಿಕ್ಕ ಕೇಸು, ಬಿದ್ದುಹೋಗಿತ್ತು. ಆದ್ರೂ ವಾಲ್ಟರ್ ಲೀಚ್‌ಮನ್ ಅನ್ನೋ ವಕೀಲರು ಈ ಕೇಸ್ ಹಿಡಿದ್ರು. ಕೇಸು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯ್ತು. ಅಲ್ಲಿ ಸೋತ್ರೆ ಎದುರಾಳಿಯ ಖರ್ಚು ತುಂಬೋಕೆ ಆಕೆ ಹತ್ರ ದುಡ್ಡಿಲ್ಲ. ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ ಹೆಂಗಸು. ‘ನನ್ನ ಆಸ್ತಿ ಐದು ಪೌಂಡೂ ಇಲ್ಲ’ ಅಂತ ಪ್ರಮಾಣ ಮಾಡಿ, ಬಡವಳು ಅನ್ನೋ ಲೆಕ್ಕದಲ್ಲಿ ಅಪೀಲು ನಡೆಸೋಕೆ ಅನುಮತಿ ತಗೊಂಡ್ರು.

1932ರ ಮೇ 26ಕ್ಕೆ ತೀರ್ಪು. ಮೂವರು ಆಕೆಯ ಪರ, ಇಬ್ಬರು ವಿರುದ್ಧ. ಅಷ್ಟು ಸಣ್ಣ ಅಂತರ. ಲಾರ್ಡ್ ಆಟ್ಕಿನ್ ಅನ್ನೋ ಜಡ್ಜ್ ಬೈಬಲ್ಲಿನ ‘ನೆರೆಯವನನ್ನು ಪ್ರೀತಿಸು’ ಅನ್ನೋ ಮಾತಿನಿಂದ ಶುರು ಮಾಡಿ, ಕಾನೂನಿನ ಲೆಕ್ಕದಲ್ಲಿ ನೆರೆಯವರು ಯಾರು ಅಂತ ಕೇಳ್ಕೊಂಡ್ರು. ಅವರ ಉತ್ತರದ ಸಾರ ಇಷ್ಟು: ನಾನು ಮಾಡೋ ಕೆಲಸ ಯಾರಿಗೆ ನೇರವಾಗಿ ತಟ್ಟುತ್ತೋ, ಆ ಕೆಲಸ ಮಾಡುವಾಗ ಯಾರನ್ನ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಿತ್ತೋ, ಅವರು ನನ್ನ ನೆರೆಯವರು. ಪಕ್ಕದ ಮನೆಯಲ್ಲೇ ಇರಬೇಕಿಲ್ಲ. ಬಾಟ್ಲಿ ತುಂಬೋನಿಗೆ, ಮುಖವೇ ನೋಡಿರದ ಯಾವುದೋ ಕೆಫೆಯ ಯಾವುದೋ ಹೆಂಗಸು ನೆರೆಯವಳು.

ಇವತ್ತು ಬ್ರಿಟನ್ನಿನಲ್ಲಿ, ಬ್ರಿಟಿಷ್ ಕಾನೂನಿನ ದಾರಿ ಹಿಡಿದ ನಮ್ಮಂಥ ದೇಶಗಳಲ್ಲಿ, ನೆಗ್ಲಿಜೆನ್ಸ್ ಕೇಸುಗಳಿಗೆಲ್ಲಾ ಈ ಕೇಸು ತಾಯಿಬೇರು. ಮಜಾ ಏನಂದ್ರೆ, ಆ ಬಾಟ್ಲಿಯಲ್ಲಿ ನಿಜವಾಗಿ ಬಸವನಹುಳ ಇತ್ತಾ ಅನ್ನೋದು ಯಾವ ಕೋರ್ಟಲ್ಲೂ ಸಾಬೀತಾಗಲೇ ಇಲ್ಲ. ಲಾರ್ಡ್ಸ್ ಹೇಳಿದ್ದು ‘ಇದ್ದಿದ್ದರೆ ಹೊಣೆ ಇದೆ’ ಅಂತ. ಸಾಕ್ಷಿ ವಿಚಾರಣೆಗೆ ಮುಂಚೆಯೇ ಸ್ಟೀವನ್‌ಸನ್ ತೀರಿಕೊಂಡ್ರು, ಕೇಸು ರಾಜಿಯಲ್ಲಿ ಮುಗೀತು.

ನಮ್ಮಲ್ಲಿಗೆ ಬರೋಣ. ನೀವು ದಿನಾ ಸುದ್ದಿಯಲ್ಲಿ ಓದ್ತೀರಿ, ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಇದು ಪೊಲೀಸ್ ಎಫ್.ಐ.ಆರ್. ಭಾಷೆ. ಭಾರತೀಯ ದಂಡ ಸಂಹಿತೆ ಬಂದಿದ್ದು 1860ರಲ್ಲಿ. ನೆಗ್ಲಿಜೆನ್ಸ್‌ನಿಂದ ಆದ ಸಾವಿಗೆ ಅದರಲ್ಲಿ ಬೇರೆ ಸೆಕ್ಷನ್ ಇರಲಿಲ್ಲ, 1870ರಲ್ಲಿ 304ಎ ಅಂತ ಸೇರಿಸಿದ್ರು. ಗರಿಷ್ಠ ಶಿಕ್ಷೆ 2 ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಬಂದು ಅದು 5 ವರ್ಷ ಆಗಿದೆ. ಚಿಕಿತ್ಸೆ ಕೊಡುವಾಗ ಆದದ್ದಾದ್ರೆ ನೋಂದಾಯಿತ ವೈದ್ಯರಿಗೆ 2 ವರ್ಷವೇ. ವೈದ್ಯರ ಮೇಲೆ ಕ್ರಿಮಿನಲ್ ಕೇಸ್ ನಿಲ್ಲಬೇಕಾದ್ರೆ ಸಾಮಾನ್ಯ ತಪ್ಪು ಸಾಲದು, ತೀವ್ರವಾದ ನಿರ್ಲಕ್ಷ್ಯವೇ ಆಗಿರಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಲ್ಲಿ ಹೇಳಿತು. ಅಲ್ಲಿ ಬರೋದು ‘ಗ್ರಾಸ್’. ಲ್ಯಾಟಿನ್‌ನಲ್ಲಿ ಅದರ ಅರ್ಥ ದಪ್ಪ, ಅಷ್ಟೇ. ದಪ್ಪನೆಯ ನಿರ್ಲಕ್ಷ್ಯ.

ಈ ಪದ ಎಷ್ಟು ಭಾರ, ಎಷ್ಟು ಹಗುರ ಅಂತ ನೋಡಬೇಕಾದ್ರೆ ಭೋಪಾಲ್ ನೋಡಬೇಕು. 1984ರ ಡಿಸೆಂಬರ್ 2ರ ಮಧ್ಯರಾತ್ರಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಿಂದ ಮೀಥೈಲ್ ಐಸೋಸಯನೇಟ್ ಸೋರಿತು. ಆ ರಾಸಾಯನಿಕವನ್ನ ತಣ್ಣಗಿಡಬೇಕಿದ್ದ ಶೀತಲೀಕರಣ ಘಟಕ ಆಫ್ ಆಗಿತ್ತು. ಸೋರಿದ ಅನಿಲ ಸುಡಬೇಕಿದ್ದ ಫ್ಲೇರ್ ಟವರ್ ರಿಪೇರಿಗಾಗಿ ಕಳಚಿತ್ತು. ಒಂದೊಂದೂ ಯಾರೋ ಎತ್ತಿಕೊಳ್ಳದೆ ಬಿಟ್ಟದ್ದು, ಯಾರೋ ಖರ್ಚು ಉಳಿಸಿದ್ದು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನರ ಶ್ವಾಸಕೋಶ, ಕಣ್ಣು ಹೋಯ್ತು.

ಭಾರತೀಯ ಅಧಿಕಾರಿಗಳ ಮೇಲೆ ಮೊದಲು ಇದ್ದ ಆರೋಪ ಕೊಲೆಯಲ್ಲದ ದಂಡನೀಯ ನರಹತ್ಯೆ, 10 ವರ್ಷದವರೆಗೆ ಶಿಕ್ಷೆ. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನ 304ಎಗೆ ಇಳಿಸಿತು. ನೆಗ್ಲಿಜೆನ್ಸ್. 2010ರ ಜೂನ್ 7ರಂದು, ಇಪ್ಪತ್ತೈದೂವರೆ ವರ್ಷ ಆದ ಮೇಲೆ, ಬದುಕಿದ್ದ ಏಳು ಜನರಿಗೆ ತಲಾ 2 ವರ್ಷ ಶಿಕ್ಷೆ ಆಯ್ತು. ಅವತ್ತೇ ಜಾಮೀನು. ಸಿ.ಬಿ.ಐ. ಆಮೇಲೆ 1996ರ ಆದೇಶ ಬದಲಿಸಿ ಅಂತ ಹೋಯಿತು, 2011ರಲ್ಲಿ ಅದೂ ತಿರಸ್ಕೃತ ಆಯ್ತು. ಒಂದು ಸೆಕ್ಷನ್ನಿನಿಂದ ಇನ್ನೊಂದಕ್ಕೆ, ಒಂದು ಪದದಿಂದ ಇನ್ನೊಂದಕ್ಕೆ ಜಾರಿದ್ದಷ್ಟೇ. ಗೊತ್ತಿದ್ದೂ ಮಾಡಿದ್ರು ಅನ್ನೋದಕ್ಕೂ ಗಮನ ಕೊಡಲಿಲ್ಲ ಅನ್ನೋದಕ್ಕೂ ಮಧ್ಯೆ ಇರೋ ಗೆರೆ ನ್ಯಾಯಾಧೀಶರಿಗೆ ಬೇಕು, ಒಪ್ತೀನಿ. ಆದ್ರೆ ರಿಪೇರಿ ಆಗಿಲ್ಲ ಅಂತ ಗೊತ್ತಿದ್ದೂ ಸುಮ್ಮನಿರೋದನ್ನ ‘ಗಮನ ಕೊಡಲಿಲ್ಲ’ ಅನ್ನೋಕೆ ನನ್ನ ಕನ್ನಡ ಒಪ್ಪಲ್ಲ.

ಇದರ ಪಕ್ಕ ನನ್ನ ಕಥೆ ಇಡೋಕೆ ಮುಜುಗರ ಆಗುತ್ತೆ. ಪ್ರಾಮಿಸ್ ಮಾಡಿದ್ದೀನಿ, ಹೇಳ್ತೀನಿ.

ಮೊದಲ ಕೆಲಸ, ಬೆಂಗಳೂರಲ್ಲಿ, ಅಕೌಂಟ್ಸ್ ಸೆಕ್ಷನ್. ಗಣೇಶನ ಹಬ್ಬಕ್ಕೆ ಒಂದು ವಾರ. ಸಪ್ಲೈಯರ್‌ಗಳಿಗೆಲ್ಲಾ ಪೇಮೆಂಟ್ ಹಾಕೋ ದಿನ. ಬ್ಯಾಂಕಿನ ಪೇಜಲ್ಲಿ ಹೆಸರುಗಳ ಲಿಸ್ಟ್ ಇರುತ್ತೆ, ಅದರಲ್ಲಿ ಆರಿಸಬೇಕು. ಹೌದು, ಲೆಗೆರೆ. ನಮ್ಮ ಲಿಸ್ಟಲ್ಲಿ ಒಂದೇ ದೇವರ ಹೆಸರಿನ ಇಬ್ಬರಿದ್ರು. ಒಬ್ರು ಚಾಮರಾಜಪೇಟೆ ಕಡೆ ಸಣ್ಣ ಪ್ರೆಸ್ ಇಟ್ಕೊಂಡು ನಮಗೆ ಲೇಬಲ್ ಪ್ರಿಂಟ್ ಮಾಡಿ ಕೊಡೋರು. ಇನ್ನೊಬ್ರು ರಟ್ಟಿನ ಡಬ್ಬ ಮಾಡೋರು, ಕಂಪನಿ ಜೊತೆ ಜಗಳ ಆಗಿ ವ್ಯವಹಾರ ನಿಂತು ವರ್ಷ ಆಗಿತ್ತು. ಲಿಸ್ಟಿಂದ ಅವರ ಹೆಸರು ತೆಗೆದಿರಲಿಲ್ಲ. ನಾನು ಹೆಸರಿನ ಮೊದಲ ಅರ್ಧ ನೋಡಿದೆ, ಕ್ಲಿಕ್ ಮಾಡಿದೆ. ಪ್ರೆಸ್‌ನವರ 86,000 ರೂಪಾಯಿ ಡಬ್ಬದವರಿಗೆ ಹೋಯ್ತು. ಅವರ ಅಕೌಂಟು ಓವರ್‌ಡ್ರಾಫ್ಟ್‌ನಲ್ಲಿತ್ತು, ದುಡ್ಡು ಬಿದ್ದ ತಕ್ಷಣ ಸಾಲಕ್ಕೆ ಜಮಾ. ಫೋನ್ ಮಾಡಿದ್ರೆ ಡಬ್ಬದವರು, ‘ನಿಮ್ಮ ಕಂಪನಿ ನನಗೆ ಕೊಡಬೇಕಾದ್ದು ಇನ್ನೂ ಜಾಸ್ತಿ ಇದೆ ಸಾರ್, ಇದನ್ನ ಅದರಲ್ಲಿ ಹಿಡ್ಕೋತೀನಿ’ ಅಂದ್ರು. ಅವರ ಕಡೆಯಿಂದ ನೋಡಿದ್ರೆ ಸುಳ್ಳೂ ಅಲ್ಲ.

ಬ್ಯಾಂಕಿಂಗ್‌ನಲ್ಲಿ ಮೇಕರ್, ಚೆಕರ್ ಅಂತ ಇರುತ್ತೆ. ಒಬ್ಬ ಎಂಟ್ರಿ ಹಾಕ್ಬೇಕು, ಇನ್ನೊಬ್ಬ ನೋಡಿ ಒಪ್ಪಬೇಕು. ನಮ್ಮ ಚೆಕರ್ ನನ್ನ ಸೀನಿಯರ್. ಅವರ ಪಾಸ್‌ವರ್ಡ್ ನನ್ನ ಕೀಬೋರ್ಡ್ ಕೆಳಗೆ ಚೀಟಿಯಲ್ಲಿತ್ತು, ಓ.ಟಿ.ಪಿ. ಬರೋ ಫೋನು ನನ್ನ ಡ್ರಾಯರ್‌ನಲ್ಲಿ. ಸೇರಿದ ಮೂರನೇ ದಿನವೇ ‘ನೀನೇ ಹಾಕ್ಕೊಂಬಿಡಪ್ಪಾ’ ಅಂತ ಕೊಟ್ಟಿದ್ರು. ನನ್ನನ್ನ ಎಷ್ಟು ನಂಬ್ತಾರೆ ಅಂತ ಖುಷಿಯಾಗಿತ್ತು. ಗ್ರಾಸ್ ನೆಗ್ಲಿಜೆನ್ಸ್ ಅಂತ ಲೆಟರ್ ಬಂದಿದ್ದು ನನಗೊಬ್ಬನಿಗೆ. ಕೊಟ್ಟವರು ಅದೇ ಸೀನಿಯರ್. ಮೂರು ದಿನದಲ್ಲಿ ಉತ್ತರ ಕೊಡು ಅಂದಿದ್ರು. ತಪ್ಪಾಯ್ತು ಅಂತ ಬರೆದು ಸೈನ್ ಹಾಕಿದೆ. ಚೀಟಿ ವಿಷಯ, ಫೋನ್ ವಿಷಯ ಬರೀಲಿಲ್ಲ. ಬರೀಬೇಕಿತ್ತಾ ಅಂತ ಇವತ್ತಿಗೂ ಗೊತ್ತಿಲ್ಲ. ಬರೆದಿದ್ರೆ ನನ್ನ ತಪ್ಪು ಕಮ್ಮಿ ಏನೂ ಆಗ್ತಿರಲಿಲ್ಲ, ಇಬ್ಬರದು ಅಂತ ಆಗ್ತಿತ್ತು.

ಆದ್ರೆ ನಿಜವಾಗಿ ಚುಚ್ಚಿದ್ದು ಆ ಲೆಟರ್ ಅಲ್ಲ. ತನಿಖೆ ಮುಗಿಯೋವರೆಗೆ ಎರಡನೇ ಸಲ ದುಡ್ಡು ಹಾಕಲ್ಲ ಅಂತ ಕಂಪನಿ ಕೂತುಬಿಡ್ತು. ಪ್ರೆಸ್‌ನವರಿಗೆ ಹತ್ತೊಂಬತ್ತು ದಿನ ದುಡ್ಡು ಸಿಗಲಿಲ್ಲ. ಹಬ್ಬ ಹೋಯ್ತು. ಅವರ ಹತ್ರ ಇಬ್ಬರು ಹುಡುಗರು ಕೆಲಸಕ್ಕಿದ್ರು, ಬಟ್ಟೆ ತಗೊಂಡು ಊರಿಗೆ ಹೋಗಬೇಕಾದವರು. ದಿನಾ ಹತ್ತೂವರೆಗೆ ನನಗೆ ಫೋನ್ ಬರೋದು. ಕೂಗಾಡಲಿಲ್ಲ, ಬೈಯಲಿಲ್ಲ. ‘ಏನಾದ್ರೂ ಆಯ್ತಾ ತಮ್ಮಾ?’ ಅಷ್ಟೇ. ನಾನು ‘ಇವತ್ತು ಕೇಳ್ತೀನಿ ಅಣ್ಣಾ’ ಅನ್ನೋದು. ಆಟ್ಕಿನ್ ತೀರ್ಪಿನ ಬಗ್ಗೆ ಆಮೇಲೆ ಓದಿದಾಗ ನನಗೆ ಮೊದಲು ಕೇಳಿಸಿದ್ದು ಆ ದನಿ. ಕ್ಲಿಕ್ ಮಾಡಿದಾಗ ನನ್ನ ಮನಸ್ಸಲ್ಲಿ ಇದ್ದಿದ್ದು ಒಂದು ಹೆಸರಿನ ಮೊದಲರ್ಧ, ಸಂಜೆ ಆರರ ಬಸ್ಸು. ಆ ಹೆಸರಿನ ಹಿಂದೆ ಒಬ್ಬರು ಇದಾರೆ, ಅವರ ಹಿಂದೆ ಇಬ್ಬರು ಹುಡುಗರು ಇದಾರೆ ಅಂತ ಹೊಳೆದಿರಲಿಲ್ಲ.

ಇಪ್ಪತ್ತನೇ ದಿನ ಪೇಮೆಂಟ್ ಅಪ್ರೂವ್ ಆಯ್ತು. ಕಂಪ್ಯೂಟರ್ ಮುಂದೆ ಕೂತು ಅವರಿಗೇ ಫೋನ್ ಮಾಡಿದೆ. ‘ಅಣ್ಣಾ, ಈಗ ಹಾಕ್ತಾ ಇದ್ದೀನಿ’ ಅಂದೆ. ಹಿಂದೆ ಪ್ರಿಂಟಿಂಗ್ ಮಷೀನ್ ಓಡೋ ಸದ್ದು ಕೇಳ್ತಿತ್ತು. ಯಾರಿಗೋ ‘ಏ, ಒಂದ್ನಿಮಿಷ ನಿಲ್ಸೋ’ ಅಂದ್ರು. ಸದ್ದು ನಿಂತಿತು.

‘ನಂಬರ್ ಓದಪ್ಪಾ’ ಅಂದ್ರು.

ಲೆಗೆರೆಗೆ ಇನ್ನೊಂದು ಅರ್ಥ ಇದೆ, ಹೇಳೋದು ಮರೆತಿದ್ದೆ. ಓದುವುದು. ಅಕ್ಷರಗಳನ್ನ ಒಂದೊಂದಾಗಿ ಹೆಕ್ಕಿ ಕೂಡಿಸೋದೇ ಓದು ಅಂತ ರೋಮನ್ನರ ಲೆಕ್ಕ. ಲೆಕ್ಚರ್, ಲೆಸನ್ ಬಂದಿದ್ದು ಅದರಿಂದ.

ನಾನು ಓದಿದೆ. ನಾಲ್ಕು, ಸೊನ್ನೆ, ಸೊನ್ನೆ, ಏಳು. ಅವರು ಒಂದೊಂದಕ್ಕೂ ‘ಹ್ಞೂಂ’ ಅಂತಿದ್ರು. ಹದಿಮೂರು ಅಂಕಿ, ಹದಿಮೂರು ಹ್ಞೂಂ. ಆಮೇಲೆ ಅವರೇ ‘ಇನ್ನೊಂದ್ಸಲ’ ಅಂದ್ರು.

ಮುಂದಿನ ವಾರ ‘ಡೆಡ್‌ಲೈನ್’ ಅನ್ನೋ ಪದ, ಅದು ಒಂದು ಜೈಲಿನಿಂದ ಬಂದದ್ದು. ಸಿಗೋಣ.